ಮೇಷ್ಟ್ರು ಕೆಮ್ಮುತ್ತಿದ್ದ ಜಾಗ

ಆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಸರದಿ. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬೀದಿಯಲ್ಲಿ ನೀರು ಬಿಡುವ ದಿನ ಬೇರೆ ಯಾವ ಕೆಲಸಕ್ಕೂ ಮೊದಲ ಸ್ಥಾನವಿಲ್ಲ. ಐದೂವರೆಗೆ ಎದ್ದು ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ, ಪೈಪು ಇಳಿಬಿಟ್ಟು, ಅದು ತುಂಬುವಷ್ಟರಲ್ಲಿ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದೆ. ಕೈ ಈರುಳ್ಳಿ ಹೆಚ್ಚುತ್ತಿದ್ದರೂ ಬಾಯಿ ಬೇರೆಯೇ ಕೆಲಸದಲ್ಲಿತ್ತು: ಕೃಪೆ, ವಿಮೋಚನೆ, ಪಶ್ಚಾತ್ತಾಪ. ಇಂಗ್ಲಿಷ್ ಮಾತು ಕಿವಿಗೆ ಬಿದ್ದ ಕೂಡಲೇ ಕನ್ನಡದ್ದು ನಾಲಿಗೆಗೆ ಬರಬೇಕಲ್ಲ, ಅದಕ್ಕೆ.

"ಪರೀಕ್ಷೆಗೆ ಹೊಂಟಂಗ ಕಾಣ್ತೀಯಲ್ಲ" ಎಂದು ಯಜಮಾನರು ಕಾರಿನ ಗಾಜು ಒರೆಸುತ್ತ ನಕ್ಕರು.

ಕುರುಗೋಡು ದಾಟಿದ ಮೇಲೆ ಸಿಗುವ ಅವರ ಹುಟ್ಟೂರಿನ ಕಲ್ಲಿನ ಕ್ರೈಸ್ತ ದೇವಾಲಯದಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ ಪ್ರತಿವರ್ಷ ಮೂರು ದಿನದ ಉಜ್ಜೀವನ ಕೂಟ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜನ ಬರುತ್ತಾರೆ. ಬೋಧಕರು ತೆಲುಗಿನವರಾದರೆ ತೊಂದರೆಯಿಲ್ಲ, ನಮ್ಮ ಕಡೆ ತೆಲುಗು ತಿಳಿಯದವರು ಕಡಿಮೆ. ಇಂಗ್ಲಿಷಿನವರಾದರೆ ಮಾತ್ರ ಸಿರುಗುಪ್ಪದ ನಿವೃತ್ತ ಮೇಷ್ಟ್ರೊಬ್ಬರು ಪಕ್ಕದಲ್ಲಿ ಎರಡನೆಯ ಮೈಕು ಹಿಡಿದು ಕನ್ನಡಕ್ಕೆ ಹೇಳುತ್ತಿದ್ದರು. ಬೋಧಕರು ಐದು ವಾಕ್ಯ ಆಡಿದರೆ ಮೇಷ್ಟ್ರದು ಒಂದು. ಬೋಧಕರು ಆವೇಶದಿಂದ ಕೂಗುವ ಹೊತ್ತಿಗೆ ಸರಿಯಾಗಿ ಅವರಿಗೆ ಕೆಮ್ಮು. "ಮೇಷ್ಟ್ರು ಅರ್ಧ ಪ್ರಸಂಗ ನುಂಗಿ, ಊಟಕ್ಕ ಮುಂಚೇನ ಹೊಟ್ಟಿ ತುಂಬಿಸ್ಕೋತಾರ" ಎಂದು ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ವರ್ಷ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಆ ದೇವಾಲಯದ ಸಭಾಪಾಲಕರು ಫೋನು ಮಾಡಿ, "ಅಮ್ಮಾ, ನೀವು ಕಾನ್ವೆಂಟಿನ್ಯಾಗ ಓದಿದೋರು, ಒಂದಿನ ನಡೆಸಿಕೊಡ್ರಿ" ಅಂದರು. ನನ್ನಿಂದ ಎಲ್ಲಿ ಆಗುತ್ತದೆ ಎಂದು ಎರಡು ಸಲ ಅಂದೆ. ಮೂರನೆಯ ಸಲ ಅನ್ನಲಿಲ್ಲ, ಅವರು ಬೇರೆಯವರನ್ನು ಹುಡುಕಿಬಿಟ್ಟರೆ ಎಂಬ ಭಯ. ಮದುವೆಯಾಗಿ ಹತ್ತೊಂಬತ್ತು ವರ್ಷ ಆ ಕೂಟದಲ್ಲಿ ಈರುಳ್ಳಿ ಹೆಚ್ಚಿದ್ದೇನೆ, ಅನ್ನ ಬಸಿದಿದ್ದೇನೆ. ನಾನು ಏನು ಓದಿದ್ದೇನೆಂದು ಒಬ್ಬರೂ ಕೇಳಿರಲಿಲ್ಲ. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಅನುವಾದದಲ್ಲಿ ಒಂದು ಪದ ಬಿಟ್ಟರೂ ಅರ್ಧ ಅಂಕ ಕಳೆಯುತ್ತಿದ್ದರು. ನಾನು ಬಿಡುತ್ತಿರಲಿಲ್ಲ.

ನಾವು ಇಳಿದಾಗ ಮೊದಲು ಓಡಿ ಬಂದವರು ಯಜಮಾನರ ಅಕ್ಕ. ಅದೇ ಊರಿಗೆ ಕೊಟ್ಟ ಮಗಳು. ರೊಟ್ಟಿ ಬಡಿಯಲು ಬಾರದ ಸೊಸೆ ಬಂದಳೆಂದು ಎಲ್ಲರೂ ಮುಖ ತಿರುಗಿಸಿದ್ದ ಕಾಲದಲ್ಲಿ ನನ್ನ ಕೈಯ ಮೇಲೆ ಕೈಯಿಟ್ಟು ರೊಟ್ಟಿ ತಟ್ಟಿಸಿದವರು. ಅವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಹೊತ್ತಿಗೊಂದು ಸೂಜಿ ತಾವೇ ಚುಚ್ಚಿಕೊಳ್ಳುತ್ತಿದ್ದರು. ಊರಲ್ಲಿ ಕರೆಂಟಿನ ನಂಬಿಕೆ ಇಲ್ಲವೆಂದು ಔಷಧಿಯನ್ನು ಮನೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ತಂಪಾಗಿ ಇಡುವರು. ಕೂಟದ ಮೂರು ದಿನ ಒದ್ದೆ ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಂಕುಳಲ್ಲೇ ಇಟ್ಟುಕೊಂಡಿರುವರು.

"ಇವತ್ತು ಮುಂದ ಕುಂದ್ರತೀನಿ" ಅಂದರು. "ನಮ್ಮ ತಂಗಿ ಮೈಕಿನ್ಯಾಗ ಮಾತಾಡದು ನೋಡಬೇಕು. ತಪ್ಪಿದ್ರ ನಾ ಅಲ್ಲಿಂದನ ನಗತೀನಿ, ನೋಡು ಮತ್ತ."

ಮೊದಲ ಹತ್ತು ನಿಮಿಷ ಪದಕ್ಕೆ ಪದ ಹುಡುಕಿ ಹೇಳಿದೆ. ಆಮೇಲೆ ಮಾತು ತಾನಾಗಿ ಬಂತು. ಬೋಧಕರು ನದಿ ಅಂದರೆ ನಾನು "ನೀರು ಬಿಟ್ಟ ಕಾಲುವೆ" ಅಂದೆ. ಭತ್ತ ಬೆಳೆಯುವ ಜನ, ತಲೆದೂಗಿ "ಆಮೆನ್" ಅಂದರು. ಆ ಆಮೆನ್ ನನಗೆ ಅಂತಲೇ ಅನಿಸಿತು. ಸುಳ್ಳೇಕೆ ಹೇಳಲಿ, ಅಷ್ಟು ಸಂತೋಷ ನನಗೆ ಆ ದೇವಾಲಯದಲ್ಲಿ ಹಿಂದೆಂದೂ ಆಗಿರಲಿಲ್ಲ.

ಕೊನೆಗೆ ಬೋಧಕರು ರೋಗಿಗಳ ಕಡೆ ತಿರುಗಿದರು. ಎಷ್ಟು ದಿನ ಔಷಧಿಯನ್ನು ನಂಬುತ್ತೀರಿ, ಇಲ್ಲಿ ತಂದಿಡಿ, ವಿಶ್ವಾಸವಿದ್ದರೆ ಮರಳಿ ತೆಗೆದುಕೊಳ್ಳಬೇಡಿ ಅಂದರು. ಇಂಗ್ಲಿಷಿನಲ್ಲಿ ಇಷ್ಟೇ. ನಾನು ಹೇಳಿದ್ದು: "ಆ ಔಷಧಿ ಡಬ್ಬಿಯನ್ನು ಇನ್ನೆಷ್ಟು ವರ್ಷ ಕಂಕುಳಲ್ಲಿ ಹೊತ್ತು ತಿರುಗುವೆ, ನನ್ನ ತಾಯಿ? ತಂದು ಇಲ್ಲಿಡು. ನಂಬಿದ್ದರೆ ಮತ್ತೆ ಮುಟ್ಟಬೇಡ."

ಡಬ್ಬಿಯೂ ಕಂಕುಳೂ 'ನನ್ನ ತಾಯಿ'ಯೂ ನಾನು ಸೇರಿಸಿದ್ದು. ಒಂದು ಪದವನ್ನೂ ಬಿಡದವಳು ಮೂರು ಹೆಚ್ಚಿಗೆ ಹಾಕಿದ್ದೆ. ಆ ಮಾತು ಯಾರ ಮುಖ ನೋಡುತ್ತ ಹೊಳೆಯಿತೆಂದು ನನಗೆ ಗೊತ್ತು.

ಜನ ಎದ್ದು ಬಂದರು. ಗುಳಿಗೆಯ ಹಾಳೆಗಳು, ಒಂದು ಕನ್ನಡಕ, ಒಂದು ಊರುಗೋಲು. ಅಕ್ಕ ನಾಲ್ಕನೆಯವರು. ಡಬ್ಬಿಯನ್ನು ವೇದಿಕೆಯ ಅಂಚಿಗೆ ಇಟ್ಟು, ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡಿ ನಕ್ಕರು. ನನ್ನ ಕೈಯಲ್ಲಿ ಮೈಕು ಇತ್ತು. ನಾನು ಬೋಧಕರ ಮುಂದಿನ ವಾಕ್ಯವನ್ನು ಕನ್ನಡಕ್ಕೆ ಹೇಳಿದೆ.

ಊಟದ ಹೊತ್ತಿಗೆ ಹೋಗಿ ನೋಡಿದರೆ ಎಲ್ಲವನ್ನೂ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಮೂಲೆಗೆ ಸರಿಸಿದ್ದರು. ಕೈಹಾಕಿ ಹುಡುಕಿ ಡಬ್ಬಿ ತೆಗೆದೆ. ಬಟ್ಟೆ ಇನ್ನೂ ಒದ್ದೆಯಾಗಿತ್ತು. ಅಕ್ಕ ಪಂಕ್ತಿಯಲ್ಲಿ ಕೂತು ಅನ್ನಕ್ಕೆ ಸಾರು ಕಲಸುತ್ತಿದ್ದರು.

"ಅಕ್ಕಾ, ಇದನ್ನ ಇಟ್ಕೋರಿ. ಸಂಜೀ ಸೂಜಿ ಬಿಡಬ್ಯಾಡ್ರಿ."

"ದೇವರ ಮುಂದ ಇಟ್ಟದ್ದು ತಿರುಗಿ ತಗೊಳ್ಳಾಕ ಬರತೈತೇನು?"

"ಅದು ಅವರು ಹೇಳಿದ್ದು ಅಕ್ಕಾ. ನಾ ಬರೇ ಕನ್ನಡ ಮಾಡೀನಿ."

"ಅವರ ಟುಸ್ಸು ಪುಸ್ಸು ನನಗೇನ್ ತಿಳೀತೈತಿ? ನೀನ ಹೇಳಿದಿ. ನನ್ನ ಮಾರಿ ನೋಡಿ ಹೇಳಿದಿ." ತುತ್ತು ಕೈಯಲ್ಲೇ ನಿಲ್ಲಿಸಿದರು. "ಏನು, ದೇವರ ಮನಿಯಾಗ ನಿಂತು ಸುಳ್ಳು ಹೇಳಿದೇನು?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹೌದು ಅಕ್ಕಾ, ಸುಳ್ಳು, ಚಂದ ಕಾಣಲಿ ಅಂತ ಹೇಳಿದೆ ಅಂತ. ಸುತ್ತ ಕೂತ ಹೆಂಗಸರು ಎಲೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆಯಿಂದ ನನ್ನ ಬಗ್ಗೆ ಹುಟ್ಟಿದ ಮರ್ಯಾದೆ ಅವರ ಕಣ್ಣಲ್ಲಿ ಇನ್ನೂ ಇತ್ತು. ನಾನು ಡಬ್ಬಿ ಹಿಡಿದುಕೊಂಡು ಅಲ್ಲಿಂದ ಹೊರಟೆ.

ಸಭಾಪಾಲಕರಿಗೆ ಹೇಳಿದೆ. "ಅತಿಥಿಗಳ ಮುಂದ ಬ್ಯಾಡಮ್ಮ, ಆಮ್ಯಾಲ ನಾ ಮಾತಾಡ್ತೀನಿ" ಅಂದರು. ಆಡಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಮಧ್ಯಾಹ್ನದ ಪ್ರಸಂಗಕ್ಕೂ ನಾನೇ ನಿಂತೆ. ಹೊರಡುವ ಮುಂಚೆ ಅಕ್ಕನ ಕೈಚೀಲದಲ್ಲಿ ಸೀರೆಯ ಕೆಳಗೆ ಡಬ್ಬಿ ಇಟ್ಟು ಬಂದೆ, ಕದ್ದವಳಂತೆ.

ಅದು ಹಾಗೇ ಇತ್ತಂತೆ, ತೆರೆಯಲಿಲ್ಲವಂತೆ. ಎರಡು ತಿಂಗಳಲ್ಲಿ ಕಾಲಿನ ಒಂದು ಸಣ್ಣ ಗಾಯ ಕಪ್ಪಾಗಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ನೋಡಲು ಬಂದ ಸಭಾಪಾಲಕರು ವಾರ್ಡಿನ ಬಾಗಿಲಲ್ಲಿ ನನಗೆ ಮೆಲ್ಲಗೆ, "ವಿಶ್ವಾಸ ಸ್ವಲ್ಪ ಕಮ್ಮಿ ಬಿತ್ತಮ್ಮ" ಅಂದರು. ನನ್ನದೋ ಅಕ್ಕನದೋ ಎಂದು ನಾನು ಕೇಳಲಿಲ್ಲ. ಅಕ್ಕ ಈಗ ಸೂಜಿ ತೆಗೆದುಕೊಳ್ಳುತ್ತಾರೆ. ಆ ದಿನದ ಮಾತು ಎತ್ತುವುದಿಲ್ಲ. ನಾನು ಹೋದರೆ ಈಗ, "ಬರ್ರಿ, ಕುಂದರ್ರಿ" ಎನ್ನುತ್ತಾರೆ. ಮೊದಲು "ಬಾ" ಎನ್ನುತ್ತಿದ್ದರು.

ಕೂಟದ ಆ ಸಂಜೆ ಇದ್ಯಾವುದೂ ನನಗೆ ತಿಳಿದಿರಲಿಲ್ಲ. ಕಾರಿನಲ್ಲಿ ಬರುತ್ತ ಸಿರುಗುಪ್ಪದ ಮೇಷ್ಟ್ರಿಗೆ ಫೋನು ಹಚ್ಚಿ ನಡೆದದ್ದು ಹೇಳಿದೆ.

"ಅಲ್ಲವ್ವಾ, ಅದನ್ನೂ ಹೇಳಿಬಿಟ್ರೇನು?" ಅಂದರು. "ಎಲ್ಲಾರೂ ಕಡೀಗೆ ಅಲ್ಲಿಗೇ ಬರ್ತಾರ. ನಾ ಅಲ್ಲಿ ಕೆಮ್ಮತಿದ್ದೆ."

"ನನಗ ಯಾಕ ಮೊದಲ ಹೇಳಲಿಲ್ಲ, ಸರ್?"

"ನೀವು ಕಾನ್ವೆಂಟಿನೋರು. ನಿಮಗ ನಾ ಏನ್ ಹೇಳಲಿ ಅನ್ಕೊಂಡೆ."

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಪಕ್ಕದ ಮನೆಯಾಕೆ, ಹಣೆಗೆ ಸಂಜೆಯ ವಿಭೂತಿ ಹಚ್ಚಿಕೊಂಡು, ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನನ್ನನ್ನು ಕಂಡು ತಲೆಯೆತ್ತಿದರು.

"ಬಂದ್ರೇನ್ರಿ? ನಿಮ್ಮನಿಯವರು ಸ್ಟೇಟಸ್‌ನ್ಯಾಗ ಹಾಕಿದ ವಿಡಿಯೋ ನೋಡಿದೆ. ಆ ಸಾಹೇಬ್ರದು ಏನ್ ತಿಳೀಲಿಲ್ಲ ಬಿಡ್ರಿ, ನೀವು ಹೇಳಿದ್ದು ಮಾತ್ರ ಎದಿಗೆ ತಾಕಿತು. ಆ ಡಬ್ಬಿ ಮಾತಷ್ಟ ಕಟ್ ಮಾಡಿಸಿ ನಮ್ಮ ತಂಗಿಗೆ ಕಳಿಸೀನಿ, ಆಕಿಗೂ ಶುಗರ್ ಐತಲ್ಲ."