ವಾರದ ಹಡಗು, ಉದ್ದದ ಹಡಗು

ಕೋವಿಡ್ ಕಳೆದು ಜನ ಮತ್ತೆ ಪೆಟ್ಟಿಗೆ ಕಟ್ಟತೊಡಗಿದ್ದ ಎರಡನೆಯ ವರ್ಷ. ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ನನ್ನ ಟ್ರಾವೆಲ್ಸ್ ಕಚೇರಿ ಶುರುವಾಗಿ ಆಗ ಇಪ್ಪತ್ತು ವರ್ಷ ದಾಟಿತ್ತು. ನಾನು ಸಿರವಾರದ ಅಕ್ಕಿ ಗಿರಣಿಯವರ ಮನೆಯ ಮಗಳು. ಗಿರಣಿಯ ದೂಳಿಗಿಂತ ಬಸ್ ನಿಲ್ದಾಣದ ಗದ್ದಲವೇ ವಾಸಿ ಎಂದು ಈ ಧಂದೆಗೆ ಇಳಿದವಳು. ಬೆಂಗಳೂರು, ಪುಣೆಯ ಸ್ಲೀಪರ್ ಬಸ್ಸುಗಳು ನನ್ನ ದಿನದ ರೊಟ್ಟಿ. ಕಾಶಿ, ಶ್ರೀಶೈಲದ ಯಾತ್ರೆಗಳು ಹಬ್ಬದ ಹೋಳಿಗೆ. ಹಡಗಿನ ಟಿಕೆಟ್ ವಿಚಾರಿಸುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಅವರೂ ಅರ್ಧ ಗಂಟೆ ನನ್ನ ತಲೆ ತಿಂದು ಕೊನೆಗೆ ಗೋವಾ ಬಸ್ ಹತ್ತುತ್ತಿದ್ದರು.

ಡಿಸೆಂಬರಿನ ಒಂದು ಶನಿವಾರ ಸುಜಾತಾ ಟೀಚರ್ ಬಂದಾಗಲೂ ನಾನು ಹಾಗೆಯೇ ಅಂದುಕೊಂಡೆ. ಮಾನ್ವಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನೇರ ನನ್ನಲ್ಲಿಗೆ ಬಂದಿದ್ದರು. ದೊಡ್ಡವಳು ಪ್ರಜ್ಞಾ, ಎರಡನೇ ತರಗತಿ. ಸಣ್ಣವನು ಸಿದ್ಧಾರ್ಥ, ಮೂರು ದಾಟಿದವನು, ಬಂದ ಐದು ನಿಮಿಷದಲ್ಲಿ ನನ್ನ ಮೇಜಿನ ಮೇಲಿದ್ದ ಆಟಿಕೆ ವಿಮಾನದ ರೆಕ್ಕೆ ಕಿತ್ತವನು. ಗಂಡ ದೇವೇಂದ್ರ ದೇವದುರ್ಗದವರು. ರಾಯಚೂರಿನ ಬೇಕರಿಯಲ್ಲಿ ಕೆಲಸ ಕಲಿತು, ಗೋವಾದ ಹೋಟೆಲಿನಲ್ಲಿ ಪಳಗಿ, ಆಗ ಒಂದು ವಿದೇಶಿ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಬೇಕರ್ ಆಗಿದ್ದರು. ವರ್ಷದ ಬಹುಪಾಲು ಸಮುದ್ರದ ಮೇಲೆ, ಉಳಿದದ್ದು ಮನೆಯಲ್ಲಿ.

ಹಡಗಿನ ಸಿಬ್ಬಂದಿಯ ಮನೆಯವರಿಗೆ ಕಂಪನಿ ಕಡಿಮೆ ದರದಲ್ಲಿ ಪ್ರಯಾಣ ಕೊಡುತ್ತದೆ. ಗಂಡ ಕೆಲಸ ಮಾಡುವ ಹಡಗಿನಲ್ಲೇ ಮಕ್ಕಳೊಂದಿಗೆ ಹೋಗಿ ಬರಬೇಕು ಎಂಬುದು ಅವರ ಆಸೆ. ಆಯ್ಕೆ ಎರಡಿದ್ದವು. ಚಳಿಗಾಲದುದ್ದಕ್ಕೂ ಆ ಹಡಗು ದುಬೈಯಿಂದ ಹೊರಟು, ಹತ್ತಿರದ ಊರುಗಳನ್ನು ಸುತ್ತಿ, ವಾರಕ್ಕೆ ದುಬೈಗೇ ಮರಳುತ್ತಿತ್ತು. ಇದು ವಾರದ ಹಡಗು. ಏಪ್ರಿಲ್ ಬಂದರೆ ಅಲ್ಲಿ ಬಿಸಿಲು ಏರುತ್ತದೆ, ಪ್ರವಾಸಿಗರು ಕಡಿಮೆಯಾಗುತ್ತಾರೆ. ಆಗ ಹಡಗು ಅರಬ್ಬಿ ಸಮುದ್ರ, ಕೆಂಪು ಸಮುದ್ರ ದಾಟಿ, ಸೂಯೆಜ್ ಕಾಲುವೆಯ ಮೂಲಕ ಗ್ರೀಸಿಗೆ ಹೋಗಿ ಬೇಸಿಗೆಯ ವ್ಯಾಪಾರ ಅಲ್ಲಿ ಹೂಡುತ್ತದೆ. ಹೀಗೆ ಜಾಗ ಬದಲಿಸುವ ಪ್ರಯಾಣಕ್ಕೆ ರೀಪೊಸಿಷನಿಂಗ್ ಕ್ರೂಸ್ ಎನ್ನುತ್ತಾರೆ. ಸುಗ್ಗಿಗೆ ನಮ್ಮ ಸಿರವಾರದ ಕಡೆ ಬರುವ ಭತ್ತ ಕೊಯ್ಯುವ ಯಂತ್ರಗಳು ಇಲ್ಲಿನ ಕೊಯ್ಲು ಮುಗಿದ ಮೇಲೆ ಮುಂದಿನ ಸೀಮೆಗೆ ಹೊರಡುತ್ತವಲ್ಲ, ಹಾಗೆ. ಖಾಲಿ ಹೋಗುವ ಬದಲು ಒಂದಿಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ಎರಡು ವಾರ ಮೀರಿದ ದಾರಿ. ಅದರಲ್ಲಿ ಹೆಚ್ಚಿನವು ಸೀ ಡೇ, ಅಂದರೆ ಎಲ್ಲೂ ನಿಲ್ಲದೆ ನೀರನ್ನಷ್ಟೇ ನೋಡುವ ದಿನಗಳು.

ಸುಜಾತಾ ಟೀಚರಿಗೆ ಈ ಉದ್ದದ ಹಡಗೇ ಬೇಕಾಗಿತ್ತು.

ನಾನು ಸುಮ್ಮನಿರುವವಳಲ್ಲ. ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸಲು ನಾನೇನು ಕಿರಾಣಿ ಅಂಗಡಿ ಇಟ್ಟಿಲ್ಲ. ಸಣ್ಣ ಮಕ್ಕಳಿಗೆ ದಿನಕ್ಕೊಂದು ಊರು ಬೇಕು, ಇಳಿದು ಓಡಾಡಬೇಕು. ಸೀ ಡೇ ಎಂದರೆ ನಿವೃತ್ತರು ಪುಸ್ತಕ ಓದಿಕೊಂಡು ಕೂರುವ ದಿನ. ಹಡಗಿನ ಕಿಡ್ಸ್ ಕ್ಲಬ್ಬಿನಲ್ಲಿ ಮಕ್ಕಳನ್ನು ಬಿಡಬಹುದು ನಿಜ, ಆದರೆ ಅಲ್ಲಿನವರ ಮಾತು ತಿಳಿಯದ ಮಕ್ಕಳು ಅಲ್ಲಿ ಎಷ್ಟು ಹೊತ್ತು ಕೂತಾರು? ನಡುಸಮುದ್ರದಲ್ಲಿ ವಾಂತಿ ಶುರುವಾದರೆ ಇಳಿಯುವ ಹಾಗಿಲ್ಲ. ಮೇಲಾಗಿ ಗ್ರೀಸಿಗೆ ಯುರೋಪಿನ ಷೆಂಗೆನ್ ವೀಸಾ ಬೇಕು, ಬರುವಾಗ ಬೇರೆ ವಿಮಾನ ಬೇಕು. ಇದನ್ನೆಲ್ಲ ಬಿಡಿಸಿ ಹೇಳಿ, ಕ್ರಿಸ್‌ಮಸ್ ಕಳೆದ ಮೇಲೆ ವಾರದ ಹಡಗಿಗೆ ಹೋಗಿ ಬನ್ನಿ ಎಂದೆ. ಅವರು ಎಲ್ಲಕ್ಕೂ ತಲೆಯಾಡಿಸಿ, ಹೌದೆಂದು ಒಪ್ಪಿ, ಕೊನೆಗೆ ಏಪ್ರಿಲಿನದೇ ಮಾಡಿ ಎಂದರು. ನನಗೆ ಸಿಟ್ಟು ಬಂತು. ಮೇಷ್ಟ್ರುಗಳಿಗೆ ಬೇರೆಯವರ ಮಾತು ಕಿವಿಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಷ್ಟರಲ್ಲಿ ಟೀಚರ್ ಫೋನಿಗೆ ವೀಡಿಯೊ ಕಾಲ್ ಬಂತು. ದೇವೇಂದ್ರ. ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಹಿಂದೆ ನೀಲಿ ಸಮುದ್ರ. ಸಿದ್ಧಾರ್ಥ ಫೋನಿಗೆ ಮುತ್ತು ಕೊಟ್ಟು ಪರದೆಯನ್ನು ಒದ್ದೆ ಮಾಡಿದ. ಅಪ್ಪ ಅವನಿಗೆ ಈಜುಕೊಳ ತೋರಿಸಿದರು, ಮೂರಂತಸ್ತಿನ ಕೇಕು ತೋರಿಸಿದರು. ಪ್ರಜ್ಞಾಳ ಸರದಿ ಬಂದಾಗ ಹುಡುಗಿ ಗೋಡೆಯ ಕಡೆ ತಿರುಗಿ ನಿಂತಳು. ಎಷ್ಟು ಕರೆದರೂ ತಿರುಗಲಿಲ್ಲ. ಫೋನಿನೊಳಗಿನ ನಗು ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಆಮೇಲೆ ಆರಿತು.

ಕಾಲ್ ಮುಗಿದ ಮೇಲೆ ಟೀಚರ್ ಮಕ್ಕಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದರು. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದ್ದಕ್ಕೆ ಮಗಳು, ಹಡಗಿನಲ್ಲಿ ಅಡ್ಡಾಡುತ್ತಾರೆ ಎಂದಳಂತೆ. ಹೋದ ಸಲ ಅಪ್ಪ ರಜೆಗೆ ಬಂದಾಗ ಒಂದು ರಾತ್ರಿಯೂ ಅವರ ಪಕ್ಕದಲ್ಲಿ ಮಲಗಲಿಲ್ಲವಂತೆ.

"ನಮ್ಮನ್ನ ಬಿಟ್ಟು ಅಪ್ಪ ಅಲ್ಲಿ ಮಜಾ ಮಾಡಾಕತ್ತಾರ ಅಂತ ಆಕಿ ತಲ್ಯಾಗ ಕುಂತುಬಿಟ್ಟದ ಅಕ್ಕಾರ. ವಾರದ ಹಡಗಿಗೆ ಕರಕೊಂಡು ಹೋದ್ರ ದಿನಾ ಒಂದೊಂದು ಊರು ನೋಡಿ, ಹೌದು, ಮಜಾನೇ ಅದ ಅಂತ ಗಟ್ಟಿ ಮಾಡ್ಕೊಂಡು ಬರ್ತಾಳ."

ಅವರ ಮಾತು ಅರ್ಥವಾಯಿತು, ಆದರೆ ನಾನು ಪೂರ್ತಿ ಒಪ್ಪಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ.

ಎರಡು ದಿನ ಬಿಟ್ಟು ದೇವೇಂದ್ರ ನನಗೇ ಫೋನ್ ಮಾಡಿದರು. ಬಹಳ ಮರ್ಯಾದೆಯ ಮನುಷ್ಯ. ಊರಿನ ಚಳಿ, ನನ್ನ ಆರೋಗ್ಯ ಎಲ್ಲ ವಿಚಾರಿಸಿ ಆಮೇಲೆ ವಿಷಯಕ್ಕೆ ಬಂದರು. ವಾರದ ಹಡಗಿಗೇ ಟಿಕೆಟ್ ಮಾಡಬೇಕಂತೆ. ಆ ವಾರ ಹೇಗೋ ಪಾಳಿ ಹೊಂದಿಸಿಕೊಂಡು, ಒಳ್ಳೆಯ ಬಟ್ಟೆ ಹಾಕಿ ಮಕ್ಕಳೊಂದಿಗೆ ದುಬೈ ಸುತ್ತಬಹುದಂತೆ.

"ಉದ್ದನ ಹಡಗಿನ್ಯಾಗ ದಿನಾ ನೀರ ಮ್ಯಾಲೇ ಇರ್ತೀವ್ರಿ. ನಾ ಹಿಟ್ಟಿನ್ಯಾಗ ನಿಂತು ದುಡಿಯೋದು ಮಗಳ ಕಣ್ಣಿಗೆ ಬೀಳ್ತದ. ಅದು ಬ್ಯಾಡ್ರಿ ಅಕ್ಕಾರ."

ನನ್ನ ಸಲಹೆಯೂ ವಾರದ ಹಡಗೇ ಆಗಿತ್ತು. ನನ್ನ ಪಕ್ಷಕ್ಕೆ ಒಬ್ಬರು ಸಿಕ್ಕರು ಎಂದು ನಾನು ಖುಷಿಪಡಬೇಕಿತ್ತು. ಆದರೆ ಆ ಮಾತು ಕೇಳಿದ್ದೇ ನನ್ನ ಮನಸ್ಸು ತಿರುಗಿತು. ಯಾಕೆಂದರೆ ಆ ಉದ್ದ ತೋಳಿನ ಇಸ್ತ್ರಿ ಅಂಗಿಯನ್ನು ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದೆ.

ದೇವದುರ್ಗದ ಕಡೆಯಿಂದ ದುಡಿಯಲು ಹೋಗುವವರು ನನ್ನ ಕಚೇರಿಯ ಮುಂದೆಯೇ ಬಸ್ ಹತ್ತುತ್ತಾರೆ. ಹೋಗುವಾಗ ಮಾಸಿದ ಬಟ್ಟೆ, ಜೋಳದ ಹಿಟ್ಟಿನ ಚೀಲ, ಪಾತ್ರೆಯ ಗಂಟು. ಯುಗಾದಿಗೆ ತಿರುಗಿ ಬರುವಾಗ ನೋಡಬೇಕು. ಬಸ್ಸಿಳಿದವರು ಊರಿನ ಬಸ್ ಹತ್ತುವ ಮೊದಲು ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು, ಚೀಲದಿಂದ ಹೊಸ ಅಂಗಿ ತೆಗೆದು ಹಾಕಿಕೊಳ್ಳುತ್ತಾರೆ. ತಲೆಗೆ ನೀರು ಹಚ್ಚಿ ಬಾಚಿಕೊಳ್ಳುತ್ತಾರೆ. ಬೆಂಗಳೂರಿನ ಮಾಲುಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಫೋನಿನಲ್ಲಿರುತ್ತದೆ. ಕಟ್ಟಡದ ಮೇಲೆ ಇಟ್ಟಿಗೆ ಹೊತ್ತ ಫೋಟೊ ಒಂದೂ ಇರುವುದಿಲ್ಲ. ಕಷ್ಟ ಮನೆಯ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಕಡೆಯ ದುಡಿಯುವವರ ರೂಢಿ. ಇದು ಬಡಾಯಿ ಅಲ್ಲ, ಪ್ರೀತಿಯೇ. ದೇವೇಂದ್ರ ಅವರ ತಂದೆಯೂ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದವರು. ಮಗ ಅಪ್ಪನಿಂದ ಕಲಿತದ್ದನ್ನು ಸಮುದ್ರದ ಮೇಲೆ ಮುಂದುವರಿಸಿದ್ದರು. ಅಂಗಿ ಮಾತ್ರ ಸ್ವಲ್ಪ ದುಬಾರಿಯದು.

ಇದನ್ನೆಲ್ಲ ಫೋನಿನಲ್ಲಿ ಹೇಳುವಷ್ಟು ಜಾಣತನ ನನಗಿಲ್ಲ. ಒಂದೇ ಮಾತು ಕೇಳಿದೆ.

"ದೇವೇಂದ್ರ ಅವ್ರ, ನೀವು ಸುಖದಾಗ ಇದ್ದೀರಿ ಅಂತ ಕೂಸಿಗೆ ಹೇಳಿಕೊಟ್ಟವ್ರು ಯಾರ್ರಿ? ನೀವೇ ಅಲ್ಲೇನು? ಸುಖದಾಗ ಇದ್ದ ಅಪ್ಪ ಮನಿಗೆ ಬರದಿದ್ರ ಕೂಸು ಏನಂತ ತಿಳಕೋಬೇಕ್ರಿ?"

ಅವರು ಸಣ್ಣ ದನಿಯಲ್ಲಿ, ಹಾಗಾದರೆ ಏಪ್ರಿಲಿನದಕ್ಕೇ ಮಾಡಿ ಎಂದರು.

ನಿರ್ಧಾರವಾದ ಮೇಲೆ ನನ್ನ ನಿಜವಾದ ಕೆಲಸ ಶುರುವಾಯಿತು. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಟೀಚರ್ ಅದಕ್ಕಾಗಿ ಓಡಾಡಿದ ಚಪ್ಪಲಿ ಹಡಗು ನೋಡಲಿಲ್ಲ, ಮೊದಲೇ ಹರಿಯಿತು. ತಾಯಿಯೊಬ್ಬಳೇ ಮಕ್ಕಳನ್ನು ಕರೆದೊಯ್ಯುವುದರಿಂದ ತಂದೆಯ ಒಪ್ಪಿಗೆ ಪತ್ರ ಬಂತು. ವೀಸಾಕ್ಕೆ ಹೈದರಾಬಾದಿಗೆ ಹೋಗಿ ಬಂದರು. ಕ್ಯಾಬಿನ್ನನ್ನು ನಾನು ಹಟ ಹಿಡಿದು ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ ಹಿಡಿದೆ. ಮೇಲಿನ ಡೆಕ್ಕು ನೋಡಲು ಚೆಂದ, ಆದರೆ ತೂಗಾಟ ಹೆಚ್ಚು. ತಕ್ಕಡಿಯ ದಂಡಿಗೆಯ ಹಾಗೆ ನಡುವಿನಲ್ಲಿ ಕಡಿಮೆ. ಬಾಲ್ಕನಿ ಬೇಡವೆಂದೆ, ಸಿದ್ಧಾರ್ಥ ಕಿತ್ತ ವಿಮಾನದ ರೆಕ್ಕೆ ಇನ್ನೂ ನನ್ನ ಮೇಜಿನ ಮೇಲಿತ್ತು. ಕಂಪನಿಗೆ ಮೇಲ್ ಬರೆದು ಇನ್ನೊಂದು ವಿಷಯ ಖಚಿತ ಮಾಡಿಕೊಂಡೆ. ಸೀ ಡೇ ದಿನಗಳಲ್ಲಿ ಪ್ರಯಾಣಿಕರಿಗೆ ಹಡಗಿನ ಅಡುಗೆಮನೆ ತೋರಿಸುವ ಏರ್ಪಾಡು ಇರುತ್ತದೆ, ಗ್ಯಾಲಿ ಟೂರ್ ಅಂತ. ದಿನಾ ಊರಿಗೆ ಇಳಿಸುವ ವಾರದ ಹಡಗಿನಲ್ಲಿ ಅದಕ್ಕೆ ಪುರಸೊತ್ತು ಇರುವುದಿಲ್ಲ. ಆ ಟೂರಿಗೆ ಮೊದಲ ದಿನವೇ ಹೆಸರು ಬರೆಸಿ ಎಂದು ಟೀಚರಿಗೆ ಹೇಳಿದೆ. ಅವರು ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರು. ಮನೆಯಲ್ಲಿ ಮಾಡಿದ್ದನ್ನು ಹಡಗು ಹತ್ತುವಾಗ ಚೀಲದಿಂದ ತೆಗೆಸಬಹುದು ಎಂದು ಎಚ್ಚರಿಸಿದೆ. ತೆಗೆಸಿದರೆ ತೆಗೆಸಲಿ ಎಂದು ಇನ್ನೂ ನಾಲ್ಕು ರೊಟ್ಟಿ ಹೆಚ್ಚಿಗೆ ಇಟ್ಟರು.

ಶಾಲೆಗೆ ರಜೆ ಬಿದ್ದಿದ್ದೇ ಹೊರಟರು. ಸಮುದ್ರಕ್ಕೆ ಇಳಿದ ಮರುದಿನ ಮೆಸೇಜ್ ಬಂತು: ತಾಯಿ, ಮಕ್ಕಳು ಮೂವರಿಗೂ ವಾಂತಿ. ಅದಾದ ಮೇಲೆ ಸುದ್ದಿಯೇ ಇಲ್ಲ. ಹಡಗಿನಲ್ಲಿ ಇಂಟರ್ನೆಟ್ ದುಬಾರಿ ಎಂದು ಗೊತ್ತಿದ್ದೂ ನನಗೆ ಊಟ ರುಚಿಸಲಿಲ್ಲ. ಬಸ್ಸಾಗಿದ್ದರೆ ಡ್ರೈವರಿಗೆ ಫೋನ್ ಹಚ್ಚಬಹುದಿತ್ತು. ಆ ತಾಯಿಯನ್ನು ಎರಡು ಕೂಸುಗಳೊಂದಿಗೆ ಕೆಂಪು ಸಮುದ್ರಕ್ಕೆ ಕಳಿಸಿದವಳು ನಾನು. ಗಂಡನ ಬಾಯಿಂದ ಹೂಂ ಅನ್ನಿಸಿದವಳೂ ನಾನು. ಆ ಹುಡುಗಿ ಅಲ್ಲಿಯೂ ಗೋಡೆಗೆ ಮುಖ ಮಾಡಿ ನಿಂತರೆ ಆ ಮನುಷ್ಯ ಇನ್ನು ಯಾವ ಅಂಗಿ ಹಾಕಿಕೊಳ್ಳಬೇಕು?

ಮೇ ತಿಂಗಳ ಸುಡುಬಿಸಿಲಿನಲ್ಲಿ ಮೂವರೂ ಕಚೇರಿಗೆ ಬಂದರು. ಟೀಚರ್ ಕೂತು, ನೀರು ಕುಡಿದು ಹೇಳಿದರು.

ವಾಂತಿ ನಿಂತ ಮೇಲೂ ಪ್ರಜ್ಞಾ ಅಪ್ಪನ ಹತ್ತಿರ ಹೋಗಿರಲಿಲ್ಲ. ಪಾಳಿ ಮುಗಿಸಿ, ಸ್ನಾನ ಮಾಡಿ, ಮತ್ತದೇ ಉದ್ದ ತೋಳಿನ ಅಂಗಿ ಹಾಕಿಕೊಂಡು ದೇವೇಂದ್ರ ಮಧ್ಯಾಹ್ನ ಕ್ಯಾಬಿನ್ನಿಗೆ ಬರುತ್ತಿದ್ದರು. ಕಂಪನಿ ಅದಕ್ಕೆ ಅನುಮತಿ ಕೊಟ್ಟಿತ್ತು. ಹುಡುಗಿ ಕಿಟಕಿಯಾಚೆಯ ನೀರು ನೋಡುತ್ತ ಕೂರುತ್ತಿದ್ದಳು. ಆಮೇಲೆ ಗ್ಯಾಲಿ ಟೂರಿನ ದಿನ ಬಂತು. ಬೆಳಿಗ್ಗೆ, ಅವರ ಪಾಳಿ ಮುಗಿಯುವ ಮೊದಲೇ, ಪ್ರಯಾಣಿಕರ ಸಾಲಿನಲ್ಲಿ ಇವರೂ ನಡೆದರು. ಸ್ಟೀಲಿನ ಮೇಜು, ನಿಗಿನಿಗಿ ಕಾದ ಓವನ್, ಆ ಧಗೆ. ಬಿಳಿ ಟೊಪ್ಪಿಗೆಯ ಒಬ್ಬ ಮನುಷ್ಯ ಅಂಗಿಯ ತೋಳು ಮಡಚಿ, ಒಂದಾದ ಮೇಲೊಂದು ಟ್ರೇ ಎಳೆಯುತ್ತಿದ್ದ. ಬೆನ್ನು ಇವರ ಕಡೆ. ಅಂಗಿ ಬೆವರಿಗೆ ಅಂಟಿತ್ತು. ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳು, ಹಳೆಯವು, ಹೊಸವು. ಅದು ಅಪ್ಪ. ಪ್ರಜ್ಞಾ ನಿಂತುಬಿಟ್ಟಳು. ಸಾಲು ಮುಂದೆ ಹೋದರೂ ಕದಲಲಿಲ್ಲ.

ಕ್ಯಾಬಿನ್ನಿಗೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದಳಂತೆ. "ಯವ್ವಾ, ಅಪ್ಪ ಯಾವಾಗ ಮಕ್ಕೊಂತಾರ?"

ಬೇಕರ್‌ಗಳು ಊರು ಮಲಗಿದಾಗ ದುಡಿಯುವವರು. ದೇವೇಂದ್ರ ಮಧ್ಯಾಹ್ನ ಬಂದು ಮಕ್ಕಳೊಂದಿಗೆ ಕೂರುತ್ತಿದ್ದದ್ದು ತಮ್ಮ ನಿದ್ದೆಯ ಹೊತ್ತಿನಲ್ಲಿ. ಟೀಚರ್ ಅದನ್ನು ಮಗಳಿಗೆ ಹೇಳಿದರು. ಮರುದಿನ ಅವರು ಬಂದಾಗ ಹುಡುಗಿ ತಾನೇ ಹಾಸಿಗೆ ಸರಿಮಾಡಿ ಅಪ್ಪನನ್ನು ಮಲಗಿಸಿದಳು. ಸಿದ್ಧಾರ್ಥ ಗದ್ದಲ ಮಾಡಿದರೆ ಬಾಯಿ ಮುಚ್ಚಿಸಿದಳು. ಆ ದಾರಿಯುದ್ದಕ್ಕೂ ಪ್ರತಿ ಮಧ್ಯಾಹ್ನ ಅದೇ ಕೆಲಸ. ಸೂಯೆಜ್ ಕಾಲುವೆ ಬಂದಿದೆ, ಬಾ ನೋಡು ಎಂದರೆ, ಅಪ್ಪ ಮಲಗಿದ್ದಾರೆ ಎಂದು ಪಕ್ಕದಿಂದ ಏಳಲಿಲ್ಲವಂತೆ. ಜಗತ್ತೇ ಬಂದು ನೋಡುವ ಕಾಲುವೆಯನ್ನು ನನ್ನ ಗಿರಾಕಿಯೊಬ್ಬಳು ಹೀಗೆ ಕಳೆದುಕೊಂಡದ್ದಕ್ಕೆ ನನಗೆ ಇವತ್ತಿಗೂ ಬಹಳ ಹೆಮ್ಮೆ.

ಈ ಧಂದೆ ನನಗೆ ಕಲಿಸಿದ್ದು ಇಷ್ಟು. ಮೊದಲೆಲ್ಲ ಯಾರು ಬಂದರೂ ಏನು ನೋಡಬೇಕು ಎಂದು ಕೇಳುತ್ತಿದ್ದೆ. ಈಗ ಯಾರ ಜೊತೆ ಇರಬೇಕು ಎಂಬುದನ್ನು ಮೊದಲು ಕೇಳುತ್ತೇನೆ. ಸಣ್ಣ ಮಕ್ಕಳಿಗೆ ಉದ್ದದ ಹಡಗು ಬೇಡ ಎಂಬ ನನ್ನ ಸಲಹೆ ಈಗಲೂ ಅದೇ. ಆದರೆ ಅದನ್ನು ಹೇಳುವ ಮೊದಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ತಡೆಯುತ್ತೇನೆ.

ಅವತ್ತು ಅವರು ಏಳುವ ಹೊತ್ತಿಗೆ ಫೋನ್ ಬಂತು. ದೇವೇಂದ್ರ ಡೆಕ್ಕಿನ ಮೇಲೆ ನಿಂತಿದ್ದರು, ಉದ್ದ ತೋಳಿನ ಅಂಗಿ, ಹಿಂದೆ ಗ್ರೀಸಿನ ಸಮುದ್ರ. ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಪ್ರಜ್ಞಾ ಎಲ್ಲರಿಗಿಂತ ಮೊದಲು ಫೋನ್ ಕಿತ್ತುಕೊಂಡಳು. ಅಪ್ಪ ಫೋನನ್ನು ನೀರಿನ ಕಡೆ ತಿರುಗಿಸಲು ಹೊರಟರು.

"ಸಮುದ್ರ ಬ್ಯಾಡ," ಎಂದಳು ಹುಡುಗಿ. "ಕೈ ತೋರಸ್ರಿ."

ಅವರು ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿ, ಫೋನನ್ನು ಎಲ್ಲಿಗೋ ಒರಗಿಸಿ, ಗುಂಡಿ ಬಿಚ್ಚಿ ತೋಳು ಮೇಲೆ ಮಾಡಿದರು. ಪ್ರಜ್ಞಾ ಪರದೆಗೆ ಮುಖ ಹಚ್ಚಿ ಒಂದೊಂದೇ ಕಲೆ ನೋಡಿದಳು. ಹೊಸದು ಯಾವುದೂ ಇಲ್ಲ ಎಂದು ಖಾತ್ರಿಯಾದ ಮೇಲೆ ಫೋನನ್ನು ತಮ್ಮನ ಕೈಗೆ ಕೊಟ್ಟಳು.