ಸಾಲಿನಲ್ಲಿ ಉಳಿದ ಚಪ್ಪಲಿ

ಕಂಪ್ಲಿಯ ಗೊಬ್ಬರದ ಅಂಗಡಿ ಮುಂದೆ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಚಪ್ಪಲಿ ನಿಲ್ಲುತ್ತವೆ. ಜನ ತಂತಮ್ಮ ಜೋಡು ಬಿಸಿಲಲ್ಲಿ ಇಟ್ಟು, ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಸಾಲು ಸರಿದಂತೆ ಎದ್ದುಹೋಗಿ ಮುಂದಕ್ಕೆ ತಳ್ಳಬೇಕು. ತಳ್ಳದಿದ್ದವನ ಪಾಳಿ ಹೋದಂತೆಯೇ.

ಆ ವರ್ಷ ಡಿಎಪಿ ಗೊಬ್ಬರ ಎಲ್ಲೂ ಸಿಗುತ್ತಿರಲಿಲ್ಲ. ಎಮ್ಮಿಗನೂರಿನಲ್ಲಿ ಅಕ್ಕ ಭತ್ತ ನಾಟಿ ಮಾಡಿಸಿದ್ದಳು. ಕಾಲುವೆ ನೀರಿನ ಪಾಳಿ ಇದ್ದುದರಿಂದ ಗದ್ದೆ ಬಿಟ್ಟು ಬರುವಂತಿರಲಿಲ್ಲ.

"ತಮ್ಮಾ, ಈ ವಾರ ಗೊಬ್ಬರ ಬೀಳಲಿಲ್ಲಂದ್ರ ಪೈರು ಏಳಂಗಿಲ್ಲ" ಎಂದು ನನ್ನನ್ನು ಕಳಿಸಿದಳು.

ಚಪ್ಪಲಿ ಇಟ್ಟೆ. ಲೋಡ್ ಲಾರಿ ಬಂತು. ಮೂಟೆ ಇಳಿಸುವಾಗ ಡ್ರೈವರ್ ಗೊಬ್ಬರದಂಗಡಿಯ ಹಿಂಬದಿಯ ಚಹಾದಂಗಡಿಗೆ ನಡೆದ. ನಾನೂ ಹೋದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೆ ಯಾವುದು ಎಲ್ಲಿಂದ ಬರುತ್ತದೆಂದು ಕೇಳುವ ಚಟ ಬಿಟ್ಟಿಲ್ಲ.

"ಯಾಕ್ರಿ ಈ ಸಲ ಇಷ್ಟು ತಡ?"

"ನನ್ನೇನು ಕೇಳ್ತೀರಿ, ಹಡಗಿನವ್ರನ್ನ ಕೇಳ್ರಿ. ಸಮುದ್ರದ ದಾರ್ಯಾಗ ಹಡಗಿಗೆ ಬಾಂಬ್ ಹಾಕ್ತಾರಂತ. ಆಫ್ರಿಕಾ ಸುತ್ತು ಹೊಡದು ಬರಬೇಕು. ಚೀನಾದವ್ರು ಬ್ಯಾರೆ ಕೊಡೋದು ನಿಲ್ಲಿಸ್ಯಾರ."

"ಗೊಬ್ಬರ ಯಾತರಿಂದ ಮಾಡ್ತಾರ?"

"ಕಲ್ಲಿನಿಂದ. ನೆಲ ಅಗದು ತಗೀತಾರ."

ನಾನು ಚಹಾ ಮರೆತೆ. ಸಂಡೂರಿನಲ್ಲಿ ಅದಿರು ಲಾರಿಯ ಕ್ಲೀನರ್ ಆಗಿದ್ದಾಗ ನಮ್ಮ ಕೆಂಪು ಕಲ್ಲು ಚೀನಾಕ್ಕೆ ಹೋಗುತ್ತದೆಂದು ಕೇಳಿದ್ದೆ. ನಮ್ಮ ಗುಡ್ಡ ಅತ್ತ ಹೋಗುತ್ತದೆ, ಇನ್ನಾರದೋ ಗುಡ್ಡ ನಮ್ಮ ಗದ್ದೆಗೆ ಬರುತ್ತದೆ! ಕೇಳುತ್ತಲೇ ಹೋದೆ. ಆತ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಆಫ್ರಿಕಾ ಬರೆದು ತೋರಿಸಿದ.

ಹೊರಬಂದಾಗ ನನ್ನ ಚಪ್ಪಲಿ ಮಾತ್ರ ಇದ್ದವು, ಇಟ್ಟಲ್ಲೇ. ಮೂಟೆ ಎಲ್ಲ ಖಾಲಿಯಾಗಿ ಅಂಗಡಿಯವನು ಶಟರ್ ಎಳೆಯುತ್ತಿದ್ದ.

"ಸ್ಟಾಕ್ ಬರಲಿಲ್ಲಕ್ಕಾ, ಎಲ್ಲೋ ಯುದ್ಧ ನಡದೈತಂತ" ಎಂದೆ, ಗದ್ದೆಗೆ ಹಿಂತಿರುಗಿ. ಅಕ್ಕ ನಂಬಿದಳು.

"ಯಾವ್ದೋ ದೇಶದವ್ರು ಬಡಿದಾಡಿದ್ರ ನಮ್ಮ ಗದ್ದಿ ಯಾಕಲೇ ಉಪಾಸ ಇರಬೇಕು?"

ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಹಡಗು, ಸುತ್ತುದಾರಿ, ಕಲ್ಲು, ಎಲ್ಲ ಹೇಳಿದೆ. ಬದುವಿನ ಕೆಸರಿನಲ್ಲಿ ಆಫ್ರಿಕಾವನ್ನೂ ಬರೆದೆ. ಅವಳು ಬಗ್ಗಿ ನೋಡಿದಳು.

"ಇಷ್ಟೆಲ್ಲ ನಿನಗ ಯಾರು ಹೇಳಿದ್ರು?"

"ಗೊಬ್ಬರ ತಂದ ಲಾರಿ ಡ್ರೈವರ್."

ಮಾತು ಆಡಿಯಾಗಿತ್ತು. ಅಕ್ಕ ಕೆಸರಿನ ಗೆರೆಯನ್ನೇ ನೋಡುತ್ತಿದ್ದಳು.

"ಹಂಗಾದ್ರ ಅಷ್ಟು ದೂರದಿಂದ ಕಂಪ್ಲಿ ತನಕ ಬಂದಿತ್ತು" ಎಂದಳು. "ಅಲ್ಲಿಂದ ಇಲ್ಲಿಗೆ ತರಾದು ನಿನ್ನ ಪಾಲಿಂದು."

ಬೈಯಲಿಲ್ಲ. ಮುಂದಿನ ಲೋಡಿಗೆ ನೀರಿನ ಪಾಳಿ ಬಿಟ್ಟು ತಾನೇ ಹೋಗಿ ಮೂಟೆ ತಂದಳು. ಅಷ್ಟರಲ್ಲಿ ಪೈರು ಬುಡದಿಂದ ಹೊಸ ತೆಂಡೆ ಒಡೆದು ಕವಲಾಗದೆ ಕುಳ್ಳಾಗಿ ನಿಂತಿತ್ತು. ಪಕ್ಕದವರ ಗದ್ದೆ ತುಂಬಿಕೊಂಡಿತ್ತು. ಅವಳ ಗದ್ದೆಯಲ್ಲಿ ಪೈರಿನ ಸಾಲುಗಳು ಕೂಡದೆ, ನಡುವೆ ತೆನೆ ಬರುವವರೆಗೂ ನೀರು ಕಾಣುತ್ತಿತ್ತು.