ದೊಡ್ಡಕ್ಕನ ಕೈ, ಚಿಕ್ಕವಳ ವಾರ್ಡು

ಮಂಚದ ಸರಳು ಒರೆಸುತ್ತ ಬಂದವಳು ಈಗ ದಿಂಬಿನ ಪಕ್ಕದ ಕರೆಗಂಟೆಯ ಗುಂಡಿಗೆ ಕೈ ಹಾಕಿದ್ದಾಳೆ. ಹೊರಗಿನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಎಲ್ಲರಿಗೂ ದೊಡ್ಡಕ್ಕನಾಗಿರುವ ಈಕೆ ಮಂಚಕ್ಕೊಂದು ಹೊಸ ಬಟ್ಟೆ ತೆಗೆಯುತ್ತಾಳೆ. ಒಬ್ಬ ರೋಗಿಯದು ಇನ್ನೊಬ್ಬನನ್ನು ಮುಟ್ಟುವಂತಿಲ್ಲ. ನೆಲ ಒರೆಸುವುದು ಒಳಮೂಲೆಯಿಂದ ಬಾಗಿಲ ಕಡೆಗೆ.

"ಕಾಲು ಮೇಲಿಡಪ್ಪ, ನೆಲ ಒಣಗೋ ತನಕ ನೀನೇ ಮಹಾರಾಜ," ಎಂದು ಮುದುಕನೊಬ್ಬನನ್ನು ನಗಿಸುತ್ತಾಳೆ. "ಕಣ್ಣಿಗೆ ಕಾಣೋ ಕೊಳೆ ಯಾರಾದ್ರೂ ತೆಗೀತಾರೆ. ಜನದ ಕೈ ಎಲ್ಲೆಲ್ಲಿ ಓಡಾಡುತ್ತೆ ಅಂತ ತಲೆ ಓಡಿಸ್ಬೇಕು."

ಗಂಡ ಹಾಸಿಗೆ ಹಿಡಿದ ವರ್ಷ ಕೆಲಸಕ್ಕೆ ಸೇರಿದವಳು. ಮೂವತ್ತು ಮಂಚ, ದಿನಕ್ಕೆರಡು ಸಲ. ಗ್ಲೌಸ್ ಹಾಕಿದರೆ ಜಿಡ್ಡು ತಿಳಿಯುವುದಿಲ್ಲವೆಂದು ಹಟ ಹಿಡಿದು ಬರಿಗೈಯಲ್ಲೇ ದುಡಿದಳು. ಬ್ಲೀಚಿಂಗ್ ನೀರು ಅಂಗೈಯನ್ನು ತಿಂದುಹಾಕಿತು. ಬೆರಳ ಸಂದುಗಳೆಲ್ಲ ಬಿರುಕು.

ಸುಟ್ಟಗಾಯದವರಿಗೆಂದು ಹೊಸ ವಾರ್ಡು ತೆರೆಯಲಿದೆ. ಅಲ್ಲಿನ ಸ್ವಚ್ಛತೆಯ ಮೇಲ್ವಿಚಾರಣೆ ತನ್ನದೇ ಎಂದು ದೊಡ್ಡಕ್ಕ ಎದೆಯುಬ್ಬಿಸಿಕೊಂಡು ತಿರುಗಿದ್ದಳು. ಮೇಟ್ರನ್ ಅವಳ ಕೈ ಹಿಡಿದು ನೋಡಿ, "ಈ ಬಿರುಕಲ್ಲಿ ಎಷ್ಟು ತೊಳೆದ್ರೂ ಸೋಂಕು ನಿಲ್ಲುತ್ತೆ ದೊಡ್ಡಕ್ಕ. ಒಳಗೆ ಬಿಡೋ ಹಾಗಿಲ್ಲ. ಯಾರು ತಕ್ಕವರು ಅಂತ ನೀನೇ ಬರೆದು ಕೊಡು," ಎಂದರು.

ತಕ್ಕವಳು ಯಾರೆಂದು ಗೋಡೆಗಳಿಗೂ ಗೊತ್ತು. ಮಕ್ಕಳ ವಾರ್ಡಿನಲ್ಲಿರುವ ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಕೆಲಸ ಕಲಿಸಿದವಳು ದೊಡ್ಡಕ್ಕನೇ.

"ಮೊದಲ ದಿನದಿಂದ ಗ್ಲೌಸು. ಏನು ನಾಜೂಕು, ಏನು ವೈಯಾರ. ಒಂದೇ ಅಡುಗೆಮನೇಲಿ ಆ ನುಣ್ಣನೆ ಕೈ ನೋಡ್ಕೊಂಡು ಅನ್ನ ಬಡಿಸ್ಕೋಬೇಕು. ಮೈಯೆಲ್ಲ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾಳೆ ದೊಡ್ಡಕ್ಕ.

ಮೇಟ್ರನ್‌ಗೆಂದು ಒಂದೇ ಸಾಲು ಬರೆದ ಕಾಗದವನ್ನು ಕೊಡಲು ಮನಸ್ಸಾಗದೆ, ಅದು ಮಳೆಗಾಲವಿಡೀ ಅವಳ ಕೆಲಸದ ಕೋಟಿನ ಜೇಬಿನಲ್ಲೇ ಮೆತ್ತಗಾಯಿತು. ಅಷ್ಟರಲ್ಲಿ ಓರಗಿತ್ತಿಯ ಕೆಲಸದಲ್ಲಿ ತಪ್ಪು ಹಿಡಿಯಲು ಅವಳಿಗೊಂದು ಉಪಾಯ ಹೊಳೆಯಿತು. ಸ್ವಚ್ಛತೆ ಪರೀಕ್ಷಿಸುವವರ ಬಳಿ ಒಂದು ಮುಲಾಮು ಇದೆ. ಬರಿಗಣ್ಣಿಗೆ ಕಾಣದು, ನೀಲಿ ದೀಪ ಹಿಡಿದರೆ ಹೊಳೆಯುತ್ತದೆ. ಒರೆಸಿದ್ದರೆ ಹೊಳಪಿಲ್ಲ. ಅದನ್ನು ಬೇಡಿ ತಂದು, ಮಕ್ಕಳ ವಾರ್ಡಿನ ಮೂಲೆಯ ಮಂಚವನ್ನೆತ್ತುವ ಹಿಡಿಕೆಯ ಅಡಿಗೆ, ಯಾರ ಕಣ್ಣೂ ಹೋಗದ ಕಡೆ, ಒಂದು ಬೊಟ್ಟು ಇಟ್ಟಳು.

ಮರುದಿನ ನಸುಕಿನಲ್ಲಿ ದೀಪ ಹಿಡಿದು ಮಂಚದಡಿ ಬಗ್ಗಿದರೆ ಹೊಳಪಿನ ಸುಳಿವೇ ಇಲ್ಲ. ಹಿಂದೆ ಓರಗಿತ್ತಿ ನಿಂತಿದ್ದಾಳೆ.

"ಏನಕ್ಕಾ, ಸಿಕ್ತಾ?"

"ಏನು ಸಿಗೋದು? ಸೊಂಟ ಹಿಡ್ಕೊಂಡಿತ್ತು, ಕೂತೆ."

"ದೀಪ ಹಿಡ್ಕೊಂಡಾ?" ಅವಳು ನಗಲಿಲ್ಲ. "ನೀನು ಎಲ್ಲಿ ಬಗ್ಗಿ ನೋಡ್ತೀಯೋ ಅಲ್ಲೆಲ್ಲ ಒರೆಸ್ತೀನಕ್ಕಾ. ಇದೇ ಹಿಡಿಕೆಗೆ ನಿನ್ನ ಹತ್ರ ಬೈಸ್ಕೊಂಡಿದ್ದು ಮರೆತಿಲ್ಲ."

ದೊಡ್ಡಕ್ಕ ದೀಪ ಆರಿಸಿ ಎದ್ದು ಬಂದಳು.

ಇವತ್ತು ಪಾಳಿ ಮುಗಿಸಿ ಅವಳು ಕೈ ತೊಳೆಯುತ್ತಾಳೆ, ಬಿರುಕುಗಳಿಗೆ ಸೋಪು ತಾಗಿ ಹಲ್ಲು ಕಚ್ಚುತ್ತಾಳೆ. ಮೇಟ್ರನ್ ಕೋಣೆಯ ಬಾಗಿಲಿನ ಕಾಗದದ ಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ.

"ಹೊಟ್ಟೆಕಿಚ್ಚೇನೂ ಆರಿಲ್ಲ," ಎನ್ನುತ್ತಾಳೆ. "ಆದ್ರೆ ಸುಟ್ಟ ಮೈ ಹೊತ್ತು ಬರೋರಿಗೆ ಅದು ಯಾಕೆ ಬೇಕು? ಅವಳ ಹೆಸರೇ ಬರೆದಿದೀನಿ. ಕಲಿಸಿದವಳು ನಾನು ಅಂತಾನೂ ಬರೆದಿದೀನಿ. ಅದು ಸ್ವಲ್ಪ ದಪ್ಪಕ್ಷರದಲ್ಲಿದೆ."

ಪೆಟ್ಟಿಗೆಯ ಬಾಯನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಕಾಗದವನ್ನು ಒಳಗೆ ಬಿಡುತ್ತಾಳೆ.